ಹುಲಿಯಮ್ಮನ ಹೊಲದಲ್ಲಿ ಹೂಕುಂಡ

ಸೆಪ್ಟೆಂಬರ್ 9, ಮಂಗಳವಾರ

ಇವತ್ತಿನ ಹೂಕುಂಡಗಳೂ ಸಿಡಿಯಲಿಲ್ಲ. ಯಗಟಿಯಿಂದ ಕಡೂರಿಗೆ ವಾಪಸ್ ಬರುವಾಗ ಆಸಿಮ್ ಬಸ್ಸಿನಲ್ಲಿ ಇದನ್ನೇ ಖುಷಿಯಾಗಿ, ಗಟ್ಟಿಯಾಗಿ ಹೇಳಿದರು. ಮುಂದಿನ ಸೀಟಿನವರು ತಿರುಗಿ, "ಅಂಗ್ಡಿಯವನ ಮುಖಕ್ಕೆ ಎಸೆದು ದುಡ್ಡು ವಾಪಸ್ ಇಸ್ಕಳಿ ಸಾರ್" ಅಂದರು.

ನಮಗೆ ಬೇಕಾದದ್ದೇ ಅದು, ಸಿಡಿಯದಿರುವುದು. ಬೆಂಕಿಯ ಹೂವು ಎತ್ತರಕ್ಕೆ ಏಳಬೇಕು, ತಾನಾಗಿ ಆರಬೇಕು. ಬಾಯಿ ಕಟ್ಟಿಕೊಂಡು ಕುಂಡವೇ ಸಿಡಿಯಬಾರದು. ಮದ್ದು ತುಂಬುವವರು ಲೈಸೆನ್ಸ್ ಇರುವ ಕಾರ್ಖಾನೆಯವರು. ಕುಂಡದ ಆಕಾರ ನನ್ನದು, ಸದ್ದು ಮತ್ತು ಎತ್ತರದ ಅಳತೆ ಆಸಿಮ್‌ರದು. ನಾನು ಕೆಮಿಸ್ಟ್ರಿ, ಅವರು ಫಿಸಿಕ್ಸ್. ಒಂದೇ ಸ್ಟಾಫ್ ರೂಮು. ಹೋದ ದೀಪಾವಳಿಯಲ್ಲಿ ಹೂಕುಂಡ ಸಿಡಿದು ಅವರ ಎಡಹುಬ್ಬು ಸುಟ್ಟಿತು. ಪ್ರಾಜೆಕ್ಟ್ ಶುರುವಾದದ್ದು ಆ ಹುಬ್ಬಿನಿಂದ.

ಜಾಗ ಸಿಕ್ಕಿದ್ದೇ ಪುಣ್ಯ. ಬುಕ್ಕಾಂಬುಧಿ ಕೆರೆಯ ದಡದಲ್ಲಿ ಮಾಡಲು ಹೋದಾಗ ಜನ ಮಂಡಕ್ಕಿ ಪೊಟ್ಟಣ ಹಿಡಿದು ಬಂದು ಕೂತರು, ಒನ್ಸ್ ಮೋರ್ ಅಂದರು. ಯಗಟಿಯ ಹುಲಿಯಮ್ಮನವರ ಬೀಳು ಹೊಲದಲ್ಲಿ ಜನರಿಲ್ಲ. ಕುರಿಗಳಿವೆ. ಹೆಚ್ಚಿನವು ಗಬ್ಬ.

ಅವರ ಷರತ್ತು ಒಂದೇ. "ಕುರಿ ಬೆದರಿದ್ರೆ ಹೊಟ್ಟೇಲಿರೋ ಕಂದು ಹಾಕ್ತವೆ ಮೇಡಮ್ಮ. ಒಂದು ಎದ್ದು ಓಡ್ಲಿ, ಅವತ್ತೇ ನಿಮ್ ಗಂಟುಮೂಟೆ ಕಟ್ಟಿ."

ಆದರೆ ನಮ್ಮ ಹೂಕುಂಡದ ಮೇಲೆ ಅವರಿಗೆ ಗೌರವವೂ ಇಲ್ಲ. "ಸದ್ದಿಲ್ದಿರೋ ಪಟಾಕಿನಾ? ವಾಲಗ ಇಲ್ದಿರೋ ಮದ್ವೆ ಆಯ್ತು."

ಸೆಪ್ಟೆಂಬರ್ 12, ಶುಕ್ರವಾರ

ಹೋಯಿತು. ಎಲ್ಲ ಹೋಯಿತು.

ಇವತ್ತಿನದು ಹೊಸ ಕುಂಡ, ಬಾಯಿ ಇನ್ನಷ್ಟು ಅಗಲ. ಜೊತೆಗೆ ನನ್ನದೇ ಹೊಸ ನಿಯಮ — ಬತ್ತಿ ಹಚ್ಚುವ ಮೊದಲು ಆಸಿಮ್ ಸೀಟಿ ಊದಬೇಕು. ಮುಂದಿನ ಗುರುವಾರವಲ್ಲ, ಅದರಾಚೆಯ ಗುರುವಾರ ಬೆಂಗಳೂರಿನಿಂದ ಅನುದಾನದವರು ಪರಿಶೀಲನೆಗೆ ಬರುತ್ತಾರೆ. ಎಲ್ಲ ಕ್ರಮವಾಗಿ ಕಾಣಲಿ ಎಂದು.

ಸೀಟಿ. ಬತ್ತಿ. ಹೂವು ಎದ್ದಿತು, ಚಿನ್ನದ ಹಾಗೆ. ಅಷ್ಟರಲ್ಲಿ ಹಿಂಡೆಲ್ಲ ಎದ್ದು ಹೊಲದ ತುಂಬ ದಡದಡ! ನಾನು ಕೈ ಅಡ್ಡ ಹಿಡಿದು ನಿಂತೆ. ಆಸಿಮ್ ಸದ್ದಿನ ಮೀಟರ್ ಎದೆಗಪ್ಪಿಕೊಂಡು ಬದುವಿನ ಮೇಲೆ ಹತ್ತಿದರು.

ಟೀ ತರಲು ಮನೆಗೆ ಹೋಗಿದ್ದ ಹುಲಿಯಮ್ಮ ಫ್ಲಾಸ್ಕ್ ಸಮೇತ ಓಡಿ ಬಂದರು. ಬೈಯಲಿಲ್ಲ. ಒಂದೊಂದೇ ಕುರಿಯ ಹೊಟ್ಟೆ ಮುಟ್ಟಿ ನೋಡಿದರು. ಆಮೇಲೆ, "ಟೀ ಕುಡ್ದು ಹೊರಡ್ರಿ."

ಬೈದಿದ್ದರೆ ವಾಸಿಯಿತ್ತು.

ಅಗಲ ಬಾಯಿಯ ಸದ್ದೇ ಕಾರಣ. ಮೀಟರಿನಲ್ಲಿ ಮಾತ್ರ ಹೆಚ್ಚೇನೂ ಇಲ್ಲ. ಮೀಟರ್ ನಂಬಲೇ, ಕುರಿ ನಂಬಲೇ?

ಸೆಪ್ಟೆಂಬರ್ 17, ಬುಧವಾರ

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಏನಿತ್ತು?

ಇವತ್ತು ಕ್ಲಾಸು ಮುಗಿಸಿ ಒಬ್ಬಳೇ ಯಗಟಿಗೆ ಹೋದೆ. ಕುರಿಗಳು ಹೇಗಿವೆ ಎಂದು ಕೇಳಬೇಕಿತ್ತು. ಒಳಗೊಳಗೆ ಹೊಲವನ್ನೂ ಕೇಳಬೇಕಿತ್ತು. ಎಷ್ಟು ಭಾಗ ಅದು, ಎಷ್ಟು ಭಾಗ ಇದು?

ಕುರಿಗಳು ಚೆನ್ನಾಗಿವೆ. ಒಂದೂ ಕಂದು ಹಾಕಿಲ್ಲ. ಹುಲಿಯಮ್ಮ ಮಾತ್ರ ಬಿಗಿಯಾಗಿಯೇ ಇದ್ದರು. ಹೊತ್ತು ಇಳಿಯಿತು. ಕುರಿಗಳ ಮೇವಿನ ದೋಣಿಗೆ ಹುರುಳಿ ಹೊಟ್ಟು ಸುರಿದರು. ಎಲೆಅಡಿಕೆ ಚೀಲಕ್ಕೆ ಕೈ ಹಾಕಿದರು. ತೆಗೆದದ್ದು ಅಡಿಕೆಯಲ್ಲ. ಹಸಿರು ಪ್ಲಾಸ್ಟಿಕ್ ಸೀಟಿ.

ಪೀ...

ಹಿಂಡೆಲ್ಲ ದಡದಡ, ದೋಣಿಯ ಕಡೆಗೆ.

ನಾನು ನಿಂತಲ್ಲೇ ನಗತೊಡಗಿದೆ. ಅವರಿಗೆ ಗಾಬರಿ. "ಯಾಕ್ ಮೇಡಮ್ಮ, ಏನಾಯ್ತು? ಹಲ್ಲು ಹೋದ್ಮೇಲೆ ಸಿಳ್ಳೆ ಹಾಕಕ್ ಬರಲ್ಲ, ಅದ್ಕೇ ಸಂತೇಲಿ ತಗಂಡೆ."

ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಬಾರದು. ಫಸ್ಟ್ ಇಯರ್‌ನವರಿಗೆ ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು ಹೇಳುತ್ತೇನೆ. ಹೊಸ ಕುಂಡ, ಹೊಸ ಸೀಟಿ — ಎರಡನ್ನೂ ಒಟ್ಟಿಗೆ ತಂದೆ. ತಪ್ಪನ್ನು ಕುಂಡದ ತಲೆಗೆ ಕಟ್ಟಿದೆ.

ಎಲ್ಲ ವಿವರಿಸಿದೆ. ಅವರು ಎಲೆಗೆ ಸುಣ್ಣ ಸವರುತ್ತಾ ಕೇಳಿದರು. "ಬಾಯಲ್ ಹೇಳಿದ್ರಾಯ್ತಾ? ನಾಳೆ ಬಂದು ತೋರ್ಸಿ. ನಾ ಹಿಂಡಿನೊಳಗೇ ಕೂತಿರ್ತೀನಿ."

ಸೆಪ್ಟೆಂಬರ್ 18, ಗುರುವಾರ

ಮೊದಲು ಬರೀ ಸೀಟಿ. ಕುರಿಗಳು ಬಂದವು, ಹೊಟ್ಟು ಕಾಣದೆ ಆಸಿಮ್‌ರ ಪ್ಯಾಂಟು ಮೂಸಿದವು. ಅವು ಮರಳಿ ಮಲಗುವ ತನಕ ಕಾದೆವು. ಆಮೇಲೆ ಬರೀ ಹೂಕುಂಡ, ಅದೇ ಅಗಲ ಬಾಯಿ. ಸೀಟಿಯ ಬದಲು ಆಸಿಮ್ ಕೆಂಪು ಟವೆಲ್ ಬೀಸಿದರು. ಹೂವು ಎದ್ದು, ನಿಂತು, ಇಳಿಯಿತು. ಒಂದು ಕುರಿಯೂ ಮೆಲುಕು ನಿಲ್ಲಿಸಲಿಲ್ಲ.

ಹುಲಿಯಮ್ಮ ಕೂತಲ್ಲಿಂದಲೇ ಕೂಗಿದರು. "ಇಷ್ಟೇನಾ? ಇದ್ನ ನೋಡಿ ಕುರಿಗೂ ಬೇಜಾರಾಗೈತೆ!"

ಆಸಿಮ್ ಮೆಲ್ಲಗೆ, "ಮೇಡಂ, ಇದೇ ಮಾತು ರಿಪೋರ್ಟಿಗೆ ಹಾಕಿ."

ಹೊಲ ಉಳಿಯಿತು. ಮನೆಗೆ ಬಂದು ಎರಡು ತಟ್ಟೆ ಉಪ್ಪಿಟ್ಟು ತಿಂದೆ.

ಸೆಪ್ಟೆಂಬರ್ 25, ಗುರುವಾರ

ಬೆಂಗಳೂರಿನಿಂದ ಬಂದವರು ಚಂದ್ರಕುಮಾರ್. ಗಂಭೀರ ಮನುಷ್ಯ, ಇಸ್ತ್ರಿ ಮಾಡಿದ ಶರ್ಟು. ಅವರು ಒಪ್ಪಿದರೆ ಎರಡನೆಯ ಹಂತಕ್ಕೆ ಅನುದಾನ. ಇಲ್ಲದಿದ್ದರೆ ಕುಂಡಗಳೆಲ್ಲ ಲ್ಯಾಬಿನ ಅಟ್ಟಕ್ಕೆ.

ಕೆಂಪು ಟವೆಲ್. ಒಂದಾದ ಮೇಲೊಂದು ಹಚ್ಚಿದೆವು. ಒಂದೂ ಸಿಡಿಯಲಿಲ್ಲ, ಎತ್ತರವೂ ಕಡಿಮೆಯಾಗಲಿಲ್ಲ. ಕುರಿಗಳು ಮಲಗಿಯೇ ಇದ್ದವು.

ಚಂದ್ರಕುಮಾರ್ ತೃಪ್ತಿಯಿಂದ ತಲೆದೂಗಿದರು. "ಆಲ್ ಕ್ಲಿಯರ್" ಅಂದರು. ಜೇಬಿಗೆ ಕೈ ಹಾಕಿದರು. ನನಗೆ ಹೊಳೆಯುವಷ್ಟರಲ್ಲಿ ಊದಿಯೇ ಬಿಟ್ಟರು — ಉದ್ದಕ್ಕೆ, ಸ್ಟೀಲ್ ಸೀಟಿ.

ಸೀಟಿಯ ಕಥೆ ಊರಿಗೆಲ್ಲ ಹೇಳಿದ್ದೆ. ಅವರಿಗೊಬ್ಬರಿಗೆ ಹೇಳಿರಲಿಲ್ಲ. ಯಾಕೆ? ನಾಚಿಕೆಯೇ?

ಇಸ್ತ್ರಿ ಶರ್ಟು ಕುರಿಗಳ ನಡುವೆ ಮುಳುಗಿತು. ಬಿಳಿಕಿವಿ ಎಂಬ ಕುರಿ ಅವರ ಫೈಲಿನ ದಾರ ಬಾಯಿಗೆ ಹಾಕಿತು. ನಾನು ಹುಲಿಯಮ್ಮನ ಮುಖ ನೋಡಿದೆ. ಷರತ್ತು ಷರತ್ತೇ. ಕುರಿಗಳು ಎದ್ದಿದ್ದವು.

ಅವರು ಸೆರಗು ಸಿಕ್ಕಿಸಿಕೊಂಡು ನಡೆದು ಬಂದರು. "ಹೊಟ್ಟು ತಂದಿದೀರೇನ್ರೀ ಸ್ವಾಮಿ? ಕರೆದ್ಮೇಲೆ ಏನಾರ ಕೊಡ್ಬೇಕು ಕಣ್ರೀ!" ನನ್ನ ಕಡೆ ತಿರುಗಿ, "ನೀವ್ಯಾಕೆ ಬೆವೀತೀರಿ ಮೇಡಮ್ಮ? ಇದು ಇವರ ಲೆಕ್ಕ. ನಿಮ್ದಲ್ಲ."

ಚಂದ್ರಕುಮಾರ್ ನಕ್ಕರು, ಮೊದಲ ಸಲ. ದಾರವಿಲ್ಲದ ಫೈಲಿನಲ್ಲಿ ಏನೋ ಬರೆದು ನನಗೆ ತೋರಿಸಿದರು. ಮುಂದುವರಿಸಬಹುದು. ಅದರ ಕೆಳಗೆ — ಸೀಟಿ ಬಳಸಕೂಡದು.

ಸೆಪ್ಟೆಂಬರ್ 26, ಶುಕ್ರವಾರ, ಬೆಳಿಗ್ಗೆ

ಹುಲಿಯಮ್ಮನ ಫೋನ್. ಬಿಳಿಕಿವಿ ಈದಿದೆ. ಅವಳಿ.

ನಿನ್ನೆಯ ಓಟದಿಂದ ಏನಾದರೂ... ಎಂದು ಕೇಳಿದೆ.

"ದಿನ ತುಂಬಿತ್ತು ಕಣವ್ವ! ಮರಿ ಆಗ್ಲೇ ಎದ್ದು ಹಾಲು ಕುಡೀತಾವೆ. ಸಂಜೆ ಬಾ, ನೋಡೂವಂತೆ." ಆಮೇಲೆ ತಾವೇ ಅಂದರು, "ಪೆಟ್ಟಿಗೇಲಿ ನಿಮ್ ಹೂಕುಂಡ ಒಂದು ಉಳಿದೈತಲ್ಲ? ಹಚ್ಚಾನ. ಸದ್ದಿಲ್ದೇ ಇರೋದೇ ಒಳ್ಳೇದು, ಎಳೇ ಮರಿ."

ಟೆಸ್ಟ್‌ಗಲ್ಲದೆ ಸ್ಯಾಂಪಲ್ ಹಚ್ಚುವಂತಿಲ್ಲ. ನಿಯಮ ನನ್ನದೇ. ಮುರಿಯಬಹುದೇ? ಬೇಡ. ಮರಳಿನ ಬಕೆಟ್ ಹೊಲದಲ್ಲೇ ಇದೆ. ಪೆಟ್ಟಿಗೆಯ ಕೀ ನನ್ನ ಪರ್ಸಿನಲ್ಲಿದೆ. ಆಸಿಮ್ ಟವೆಲ್ ಒಗೆಯಲು ಹಾಕಿದ್ದಾರಂತೆ, ಒದ್ದೆಯಾದರೂ ತರಲಿ.

ಹೊಸ ಟೆಸ್ಟ್. ಸಮಯ: ಸಂಜೆ, ಹೊಟ್ಟು ಹಾಕಿದ ಮೇಲೆ. ವೀಕ್ಷಕರು: ಹುಲಿಯಮ್ಮ, ಬಿಳಿಕಿವಿ, ಮರಿ ಎರಡು, ಮತ್ತು ಒದ್ದೆ ಟವೆಲ್ ಹಿಡಿದ ಆಸಿಮ್.