ಅಕ್ಕಿ ಡಬ್ಬಿಯಲ್ಲಿ ಎರಡು ದಿನ

ಶ್ರೀರಾಮನಗರ
೧೭ ಮಾರ್ಚ್ ೨೦೨೩, ಶುಕ್ರವಾರ

ರೀ,

ಹೆಂಡತಿ ಗಂಡನಿಗೆ ಕಾಗದ ಬರೆಯುವ ಕಾಲ ಮುಗಿದು ಎಷ್ಟೋ ವರ್ಷವಾಯಿತು ಎಂದು ನಗಬೇಡಿ. ಫೋನಿನಲ್ಲಿ ನಾನು ಆ ವಿಷಯ ತೆಗೆದ ಕೂಡಲೇ ನಿಮ್ಮ ಮಿಲ್ಲಿಗೆ ಲಾರಿ ಬಂದುಬಿಡುತ್ತದೆ. ಇಲ್ಲಿಯವರೆಗೆ ನಾಲ್ಕು ಸಲ ಬಂತು, ಅದರಲ್ಲಿ ಒಮ್ಮೆ ರಜೆಯ ದಿನ ಬಂತು. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಅಂಚೆಗೆ ಹಾಕಬೇಕೆಂದಿದ್ದೇನೆ.

ನಾನು ಅವ್ವನ ಮನೆಗೆ ಬಂದು ಇವತ್ತಿಗೆ ಹನ್ನೆರಡು ದಿನ. ಅವ್ವನಿಗೆ ಮೊಣಕಾಲು ನೋವು ಎಂದು ನಿಮಗೆ ಹೇಳಿ ಬಂದೆ. ಅವ್ವ ಗದ್ದೆಯ ಬದುವಿನ ಮೇಲೆ ನನಗಿಂತ ಜೋರಾಗಿ ನಡೆಯುತ್ತಾಳೆ. ಕೂತಲ್ಲಿ ಕೂರಲಾಗದೆ ಒದ್ದಾಡುತ್ತಿರುವವಳು ನಾನು. ಬೆಳಿಗ್ಗೆಯಿಂದ ಕಾಲುವೆಯ ಏರಿಯ ಮೇಲೆ ಮೂರು ಸಲ ಹೋಗಿ ಬಂದೆ. ಈ ಮನೆಯ ಚಾರ್ಜರುಗಳನ್ನೆಲ್ಲ ಗೋಡೆಯಿಂದ ಕಿತ್ತು ಕಪಾಟಿನಲ್ಲಿಟ್ಟಿದ್ದೇನೆ. ನಿನ್ನೆ ಅವ್ವ, "ಏನಾಗೈತಿ ನಿನಗ? ನನ್ನ ಫೋನ್ ಚಾರ್ಜಿಗೆ ಹಾಕಾಕ ನಿನ್ನ ಅಪ್ಪಣೆ ಬೇಕೇನು?" ಎಂದು ಕೇಳಿದಳು. ಹಾಕು, ಆದರೆ ತುಂಬುವವರೆಗೂ ಎದುರಿಗೆ ಕೂತಿರು ಎಂದೆ.

ವಿಷಯ ದಾದೇಸಾಬ ಚಾಚಾ ಅವರದು. ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಯಾಕೆಂದರೆ ಅದನ್ನು ಇನ್ನೂ ಯಾರೂ ನಿಮ್ಮ ಮುಂದೆ ಪೂರ್ತಿ ಹೇಳಿಲ್ಲ. ಅರ್ಧ ಮಿಲ್ಲಿನವರಿಂದ ಕೇಳಿದ್ದು, ಅರ್ಧ ನಾನೇ ಊಹಿಸಿದ್ದು.

ಫೆಬ್ರವರಿ ಇಪ್ಪತ್ತೆರಡು, ಬುಧವಾರ. ನೀವು ನಿಮ್ಮ ವೇಪನ್ನು, ಆ ಬ್ಯಾಟರಿ ಸಿಗರೇಟನ್ನು, ಮಿಲ್ಲಿನ ಚೀಲದ ಕೋಣೆಯಲ್ಲಿ ಚಾರ್ಜಿಗೆ ಹಾಕಿದಿರಿ. ಆಫೀಸಿನಲ್ಲಿ ಹಾಕಿದರೆ ಸಾಹುಕಾರರು ನೋಡುತ್ತಾರೆ, ಸರ್ಕಾರ ನಿಷೇಧ ಮಾಡಿದ ವಸ್ತು, ಸುಮ್ಮನೆ ತಲೆನೋವು ಎಂದು ಗೋಣಿಚೀಲದ ಒಟ್ಟಿಲ ಹಿಂದೆ ಇಟ್ಟಿರಿ. ಇಟ್ಟು, ಲಾರಿಗೆ ಹೇರುವ ಅಕ್ಕಿ ನೋಡಲು ಹೋದಿರಿ. ಚೀಲಕ್ಕೆ ಕೊಳವೆ ಚುಚ್ಚಿ ತೆಗೆದ ಒಂದು ಹಿಡಿ ಅಕ್ಕಿಯಲ್ಲಿ ಎಷ್ಟು ನುಚ್ಚು ಎಂದು ಕಣ್ಣಲ್ಲೇ ಹೇಳುವವರು ನೀವು. ಆ ಕೋಣೆಯ ಇನ್ನೊಂದು ಮೂಲೆಯಲ್ಲಿ ಚಾಚಾ ಎಂದಿನಂತೆ ದಬ್ಬಣ ಹಿಡಿದು ಹರಿದ ಚೀಲ ಹೊಲಿಯುತ್ತಿದ್ದರು. ಪಟಾಕಿಯಂಥ ಸದ್ದಾಯಿತು, ಬಿಳಿ ಹೊಗೆ ಬಂತು, ಚೀಲ ಹೊತ್ತಿಕೊಂಡಿತು. ಪಕ್ಕದ ಗೋದಾಮಿಗೆ ಬೆಂಕಿ ದಾಟಬಾರದೆಂದು ಆ ಮುದುಕ ಉರಿಯುವ ಚೀಲಗಳನ್ನು ಬರಿಗೈಯಲ್ಲಿ ಹೊರಗೆ ಎಳೆದು ಹಾಕಿದರು. ಎರಡೂ ಅಂಗೈ ಬೆಂದವು.

ಸಂಜೆ ಸಾಹುಕಾರರು ಕೋಣೆಯಲ್ಲಿ ಯಾರಿದ್ದರು ಎಂದು ಕೇಳಿದರು. ನೀವು, "ದಾದೇಸಾಬ ಒಬ್ಬನ ಇದ್ದ್ರಿ" ಎಂದಿರಿ. ಅದು ಸುಳ್ಳಲ್ಲ, ಅದಕ್ಕೇ ನನಗೆ ಇಷ್ಟು ಸಿಟ್ಟು. ಸುಳ್ಳು ಹೇಳಿದ್ದರೆ ಗಾಬರಿಯಲ್ಲಿ ಬಾಯಿ ತಪ್ಪಿತು ಎಂದುಕೊಳ್ಳುತ್ತಿದ್ದೆ. ನೀವು ನುಚ್ಚು ಆರಿಸಿದ ಹಾಗೆ ಮಾತು ಆರಿಸಿದಿರಿ. ಬೀಡಿ ಸೇದುವ ಮುದುಕ, ಗೋಣಿಚೀಲದ ಕೋಣೆ, ಉಳಿದದ್ದನ್ನು ಅವರೇ ಕೂಡಿಸಿಕೊಂಡರು. ಇಪ್ಪತ್ತಾರು ವರ್ಷ ಕೆಲಸ ಮಾಡಿದವರನ್ನು ಮರುದಿನ ಗೇಟಿನಲ್ಲೇ ನಿಲ್ಲಿಸಿ ಕಳಿಸಿದರು. ಚಾಚಾ ಒಳಗೆ ಹೋಗುವ ಮೊದಲು ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ಎರಡನ್ನೂ ಗೇಟಿನ ಎದುರು ಹೊಳಿಯಮ್ಮನ ಚಹಾ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ ಎಂದು ಮಿಲ್ಲಿನ ಎಲ್ಲರಿಗೂ ಗೊತ್ತು. ಅವತ್ತೂ ಅಲ್ಲಿಯೇ ಇದ್ದವಂತೆ. ಹೊಳಿಯಮ್ಮನನ್ನು ಯಾರೂ ಕೇಳಲಿಲ್ಲ.

ನೀವೂ ನನಗೆ ಏನೂ ಹೇಳಲಿಲ್ಲ. ಮಿಲ್ಲಿನಲ್ಲಿ ಸಣ್ಣ ಬೆಂಕಿ, ಆರಿಸಿದರು ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದಿರಿ. ನಾನು ಊಟದ ಕ್ಯಾರಿಯರ್ ತೊಳೆಯಲು ತೆಗೆದರೆ ಕೆಳಗಿನ ಡಬ್ಬಿಯಲ್ಲಿ ಗೋಣಿ ತುಂಡಿನಲ್ಲಿ ಸುತ್ತಿದ ನಿಮ್ಮ ವೇಪಿನ ಕರಕಲು ಕೊಳವೆ. ಅದನ್ನು ಎತ್ತಿ ನನ್ನ ಸೀರೆಗಳ ಕೆಳಗೆ ಇಟ್ಟೆ. ಮರುದಿನ ನೀವು ಅಡುಗೆಮನೆಯಲ್ಲಿ ಆ ಡಬ್ಬಿ ತೆಗೆದು ನೋಡಿದಿರಿ, ಮುಸುರೆ ಪಾತ್ರೆಗಳನ್ನೂ ಸರಿಸಿ ನೋಡಿದಿರಿ, ನನ್ನನ್ನು ಮಾತ್ರ ಕೇಳಲಿಲ್ಲ. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.

ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಇಲಿಯಾಸನ ಅಂಗಡಿಗೆ ಹೋದೆ. ನಮ್ಮ ಓಣಿಯವರದು ಎಂದು ಸುಳ್ಳು ಹೇಳಿದೆ. ಅವನು ಚಿಮಟದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, "ಇದು ಹೊರಗಿನ ಬೆಂಕಿಗೆ ಸುಟ್ಟದ್ದಲ್ರಿ ಅಕ್ಕಾರ. ಒಳಗಿಂದ ಸೀಳೈತಿ. ಅಂಚು ನೋಡ್ರಿ, ಹೊರಗ ಬಾಗ್ಯಾವ. ಒಳಗ ಲಿಥಿಯಮ್ ಬ್ಯಾಟರಿ ಇರತೈತಿ, ಅದು ಕೆಟ್ಟು ಕಾಯಾಕ ಹತ್ತಿತಂದ್ರ ತನ್ನ ಬೆಂಕಿ ತಾನ ಹಚ್ಚಿಕೊಳ್ಳತೈತಿ" ಎಂದ. ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದ. ಇಲ್ಲ ಎಂದೆ.

ಇಲ್ಲಿಗೆ ಬರೆದು ಎದ್ದು ಹೋಗಿದ್ದೆ. ಅಂಗಳ ಗುಡಿಸಿದೆ, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಪಕ್ಕದ ಮನೆಯ ತೆಲುಗು ಅಜ್ಜಿ ನಿಮ್ಮ ಅಳಿಯ ಯಾಕೆ ಬಂದಿಲ್ಲ ಎಂದು ಅವ್ವನನ್ನು ಕೇಳುತ್ತಿದ್ದಳು. ಅವ್ವ, "ಮಿಲ್ಲಿನ್ಯಾಗ ಕೆಲಸ ಭಾಳ ಐತಂತ" ಎಂದು ನಿಮ್ಮನ್ನು ಕಾಪಾಡಿದಳು. ನಮ್ಮ ಮನೆತನದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಹೀಗೇ ಕಾಪಾಡಿಕೊಳ್ಳುತ್ತೇವೆ ಅನ್ನಿಸಿತು. ಮತ್ತೆ ಬಂದು ಕೂತಿದ್ದೇನೆ.

ನಾನು ಯಾಕೆ ಮನೆ ಬಿಟ್ಟು ಬಂದೆ ಗೊತ್ತೇ? ಈ ತಿಂಗಳ ನಾಲ್ಕಕ್ಕೆ ಚಾಚಾ ಅವರ ಹೆಂಡತಿ ನೂರಜಾನಬಿ ನಮ್ಮ ಮನೆಗೆ ಬಂದಿದ್ದಳು. ನೀವು ಇರಲಿಲ್ಲ. ಊರಿನ ಬೇರೆ ಮಿಲ್ಲಿನವರು ಬೆಂಕಿ ಹಚ್ಚಿದ ಮುದುಕ ಬೇಡ ಎನ್ನುತ್ತಿದ್ದಾರಂತೆ. ಕೈ ವಾಸಿಯಾದರೂ ಕೆಲಸ ಸಿಗುವುದಿಲ್ಲ ಎಂದು ಅತ್ತಳು. ಬಂದದ್ದು ಬೈಯಲು ಅಲ್ಲ. "ನಿನ್ನ ಗಂಡ ಗೋವಿಂದಪ್ಪ ಅಂದ್ರ ಸಾಹುಕಾರ್ರು ಮಾತು ಕೇಳತಾರಂತ. ನಮ್ಮವರು ಅಂಥವರಲ್ಲ ಅಂತ ಒಂದು ಮಾತು ಹೇಳಸು ತಂಗಿ" ಎಂದು ನನ್ನ ಕೈ ಹಿಡಿದಳು. ನಾನು ಚಹಾ ಮಾಡಿ ಕೊಟ್ಟೆ. ಹೇಳಿಸುತ್ತೇನೆ ಎಂದೆ. ಮರುದಿನ ಬಟ್ಟೆ ಕಟ್ಟಿಕೊಂಡು ಇಲ್ಲಿಗೆ ಓಡಿ ಬಂದೆ. ಅವಳು ಮತ್ತೆ ಬಂದರೆ ಬಾಗಿಲು ತೆಗೆಯುವ ಧೈರ್ಯ ನನಗಿರಲಿಲ್ಲ.

ಈಗ ನನ್ನ ಪಾಲಿನದು ಬರೆಯಬೇಕು. ಬರೆಯದೆ ಮುಗಿಸಿಬಿಡೋಣ ಎಂದು ಮೇಲೆ ಒಂದು ಕಡೆ ಅನ್ನಿಸಿತ್ತು.

ಆ ವೇಪ್ ತಂದವಳು ನಾನೇ. ರಾತ್ರಿಯೆಲ್ಲ ಕೆಮ್ಮುತ್ತೀರಿ, ಮಿಲ್ಲಿನ ಹಿಂದೆ ನಿಂತು ಸಿಗರೇಟು ಸೇದಿ ಎಲ್ಲೋ ಒಂದು ದಿನ ಸಿಕ್ಕಿಬೀಳುತ್ತೀರಿ ಎಂದು ನಮ್ಮ ಚಿಕ್ಕಪ್ಪನ ಮಗ ಪ್ರವೀಣಕುಮಾರ ಗೋವೆಗೆ ಹೋದಾಗ ಹೇಳಿ ತರಿಸಿದೆ. ಬೆಂಕಿಯೇ ಇಲ್ಲದ ಸಿಗರೇಟು ಎಂದಿದ್ದ. ಧೂಳು, ತೌಡು, ಗೋಣಿ ಇರುವ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ಯಾವುದು ಎಂದು ನಾನು ಹಿಗ್ಗಿದ್ದೆ. ಇಷ್ಟು ನಿಮಗೂ ಗೊತ್ತು.

ಗೊತ್ತಿಲ್ಲದ್ದು ಇದು. ಫೆಬ್ರವರಿ ಹತ್ತೊಂಬತ್ತರ ಭಾನುವಾರ ನಿಮ್ಮ ಖಾಕಿ ಪ್ಯಾಂಟು ಸೋಪಿನ ನೀರಿನಲ್ಲಿ ನೆನೆಹಾಕಿದೆ. ಜೇಬು ನೋಡಲಿಲ್ಲ. ಒಗೆಯುವ ಕಲ್ಲಿಗೆ ಎತ್ತಿ ಬಡಿದಾಗ ಟಕ್ ಎಂದಿತು. ತೆಗೆದರೆ ನಿಮ್ಮ ವೇಪ್, ಮೂತಿಯಿಂದ ನೊರೆ ಬರುತ್ತಿತ್ತು. ನೀವು ಅದನ್ನು ಎಲ್ಲಿಟ್ಟೆ ಎಂದು ಎರಡು ದಿನ ಹುಡುಕಿದಿರಿ. ಇಲ್ಲೇ ಎಲ್ಲೋ ಇರಬೇಕು, ಸಿಗುತ್ತದೆ ಎಂದು ನಾನೂ ನಿಮ್ಮ ಜೊತೆ ಮಂಚದ ಕೆಳಗೆ ಬಗ್ಗಿ ಹುಡುಕಿದೆ. ಅದು ಅಷ್ಟೂ ಹೊತ್ತು ಅಡುಗೆಮನೆಯಲ್ಲಿ, ನೀವು ತರುವ ಸ್ಯಾಂಪಲ್ ಅಕ್ಕಿಯ ಡಬ್ಬಿಯಲ್ಲಿ ಹುಗಿದು ಕೂತಿತ್ತು. ಅಕ್ಕಿ ಮಿಲ್ಲುಗಳ ಗಂಗಾವತಿಯಲ್ಲಿ ಹುಟ್ಟಿದವರು, ಮದುವೆಯಾಗಿ ಗಂಗಾವತಿಗೆ ಬಂದವರು ಯಾರಾದರೂ ಹೀಗೇ ಮಾಡುತ್ತಿದ್ದರು. ಫೋನ್ ತೊಯ್ದರೆ ಅಕ್ಕಿ, ಗಡಿಯಾರ ತೊಯ್ದರೆ ಅಕ್ಕಿ. ಮಂಗಳವಾರ ಬೆಳಿಗ್ಗೆ ಒರೆಸಿ ಊದಿ ನಿಮ್ಮ ದಿಂಬಿನ ಸಂದಿಯಲ್ಲಿಟ್ಟೆ. ಸಿಕ್ಕಿತು ಎಂದು ಖುಷಿಪಟ್ಟಿರಿ.

ಯಾಕೆ ಹೇಳಲಿಲ್ಲ? ಹಿಂದಿನ ತಿಂಗಳು ಲಾರಿಯ ರಸೀದಿಯನ್ನು ಹೀಗೇ ಒಗೆದು ಮುದ್ದೆ ಮಾಡಿದ್ದೆ, ನೀವು ಮೂರು ದಿನ ಮಾತು ಬಿಟ್ಟಿದ್ದಿರಿ. ಮತ್ತೆ ಮೂರು ದಿನ ಮುಖ ಊದಿಸಿಕೊಂಡು ತಿರುಗುವುದನ್ನು ನೋಡಲಾರೆ ಎಂದಷ್ಟೇ. ಅಷ್ಟು ಸಣ್ಣ ಕಾರಣ. ಮಂಗಳವಾರ ಸಂಜೆ ನೀವು ಅದನ್ನು ಮನೆಯಲ್ಲಿ ಚಾರ್ಜಿಗೆ ಹಾಕಿದಾಗ ನಾನು ಮುಟ್ಟಿ ನೋಡಿದ್ದೆ, ಬಿಸಿಯಾಗಿತ್ತು. ಒಲೆಯಿಂದ ಇಳಿಸಿದ ತಂಬಿಗೆಯಷ್ಟು ಬಿಸಿ. ಪಿನ್ ತೆಗೆದಿಟ್ಟೆ. ಅದರಿಂದಲೇ ಪೂರ್ತಿ ತುಂಬದೆ ಮರುದಿನ ನೀವು ಅದನ್ನು ಮಿಲ್ಲಿನಲ್ಲಿ ಹಾಕಿದ್ದು. ಆಗಲಾದರೂ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

ಇಲಿಯಾಸನ ಅಂಗಡಿಯಲ್ಲಿ ನಾನು ಇನ್ನೊಂದು ಪ್ರಶ್ನೆ ಕೇಳಿದ್ದೆ, ಅದನ್ನು ಮೇಲೆ ಬರೆಯದೆ ದಾಟಿಸಿದೆ. ಇಂಥದ್ದು ನೀರಿಗೆ ಬಿದ್ದರೆ ಅಕ್ಕಿಯಲ್ಲಿ ಇಟ್ಟು ಬಳಸಬಹುದೇ ಎಂದೆ. ಅವನು ನಕ್ಕು, "ನಮ್ಮೂರ ಮಂದಿಗೆ ಇದೊಂದು ಹುಚ್ಚು ಐತ್ರಿ. ಅಕ್ಕಿ ಮ್ಯಾಲಿನ ಹಸಿ ಒಂದೀಟು ಎಳಕೋಬಹುದು, ಒಳಗ ಹೋದ ನೀರು ಅಲ್ಲೇ ಇರತೈತಿ, ಮ್ಯಾಲೆ ಅಕ್ಕಿ ಧೂಳು ಬ್ಯಾರೆ ಸೇರತೈತಿ. ಒಮ್ಮೆ ತೊಯ್ದ ಬ್ಯಾಟರಿ, ಪೆಟ್ಟು ತಿಂದ ಬ್ಯಾಟರಿ ಒಣಗಿದಂಗ ಕಂಡರೂ ಚಾರ್ಜಿಗೆ ಹಾಕಬಾರದ್ರಿ ಅಕ್ಕಾರ. ಬಿಸಿ ಆತಂದ್ರ ಮುಗೀತು, ಮತ್ತ ಮುಟ್ಟಬಾರದು" ಎಂದ. ಬಡಿದದ್ದು ನಾನು, ತೋಯಿಸಿದ್ದು ನಾನು, ಬಿಸಿ ನೋಡಿದವಳೂ ನಾನು.

ನಿಮ್ಮ ತಪ್ಪಿನಿಂದಲೇ ಬೆಂಕಿ ಬಿತ್ತು ಎಂದು ನೀವು ಒಳಗೊಳಗೇ ಬೇಯುತ್ತಿದ್ದೀರಿ ಎಂದು ನನಗೆ ಗೊತ್ತು. ಸಿಗರೇಟನ್ನೂ ಬಿಟ್ಟಿದ್ದೀರಂತೆ, ಊಟವನ್ನೂ ಅರ್ಧಕ್ಕೆ ಬಿಡುತ್ತೀರಂತೆ. ನಿಮ್ಮ ಮೇಲೆ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ, ನಿಮ್ಮನ್ನು ನೋಡಬೇಕು ಎಂದೂ ಆಗುತ್ತಿದೆ. ಈ ಮೂರೂ ಒಟ್ಟಿಗೆ ಇರುವುದರಿಂದಲೇ ನನಗೆ ಕೂರಲಾಗುತ್ತಿಲ್ಲ.

ಸೋಮವಾರ ಸಾಹುಕಾರರ ಮುಂದೆ ಹೋಗಿ ಹೇಳಿ. ಚಾರ್ಜಿಗೆ ಇಟ್ಟದ್ದು ನಾನು, ದಾದೇಸಾಬರು ಇಲ್ಲದಿದ್ದರೆ ಗೋದಾಮು ಉಳಿಯುತ್ತಿರಲಿಲ್ಲ, ಅವರ ಕೆಲಸ ಅವರಿಗೆ ಕೊಡಿ ಎಂದು ಹೇಳಿ. ನಾನೂ ಬರುತ್ತೇನೆ, ನನ್ನದನ್ನು ನಾನು ಹೇಳುತ್ತೇನೆ. ನಿಮ್ಮ ಕೆಲಸ ಹೋಗಬಹುದು, ಪೊಲೀಸರೂ ಕರೆಯಬಹುದು. ನನಗೂ ಹೆದರಿಕೆ ಇದೆ. ಆದರೆ ನೀವು ಹೋಗದಿದ್ದರೆ ಆ ಸೀಳಿದ ಕೊಳವೆಯನ್ನು ತೆಗೆದುಕೊಂಡು ನಾನೊಬ್ಬಳೇ ಹೋಗುತ್ತೇನೆ. ಇದನ್ನು ಬೆದರಿಕೆ ಎಂದುಕೊಂಡರೂ ನಡೆದೀತು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಆ ಡಬ್ಬಿಯ ಅಕ್ಕಿಯಲ್ಲಿ ಅನ್ನ ಮಾಡಬೇಡಿ, ಚೆಲ್ಲಿಬಿಡಿ.

ಹೇಳಬೇಕಾದ ಹೊತ್ತಿಗೆ ಹೇಳದ
ನಿಮ್ಮ ರೇಣುಕಾ

ತಾ.ಕ. (೧೯ ಮಾರ್ಚ್, ಭಾನುವಾರ ಬೆಳಿಗ್ಗೆ): ಈ ಕಾಗದ ಅಂಚೆಯವನ ಕೈಯಿಂದ ಬಂದಿಲ್ಲ. ನಿನ್ನೆ ಫೋನ್ ಮಾಡಿ ಚಾಚಾ ಅವರನ್ನು ಕರೆದೆ, ಇವತ್ತು ಮೊದಲ ಬಸ್ಸಿಗೇ ಬಂದರು. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ನಾನೇ ಓದಿ ಹೇಳಿದೆ. ಒಂದು ಸಾಲೂ ಬಿಡಲಿಲ್ಲ. ಮುಗಿದ ಮೇಲೆ ಅವರು ಕೇಳಿದ್ದು ಇಷ್ಟೇ: "ಎಲ್ಲಾರೂ ಹೊರಗ ಓಡಿದಾಗ ಗೋವಿಂದಪ್ಪ ಒಬ್ಬನ ನನ್ನ ಕೈ ಹಿಡಕೊಂಡು ನಳದ ಕೆಳಗ ನಿಂತಿದ್ದ. ದವಾಖಾನಿ ಗಾಡಿ ಬರೋತನಕ ಬಿಡಲಿಲ್ಲ. ಅದನ್ನ ಬರದಿಯೇನವಾ?" ಬರೆದಿರಲಿಲ್ಲ. ನೀವು ನನಗೆ ಅದನ್ನೂ ಹೇಳಿರಲಿಲ್ಲ. ಅದನ್ನು ಬರೆದರೆ ಮಾತ್ರ ಕಾಗದ ಒಯ್ಯುತ್ತೇನೆ ಎಂದು ಹಟ ಹಿಡಿದು ಕೂತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಅವರ ಎರಡೂ ಕೈಗೆ ಇನ್ನೂ ಪಟ್ಟಿ ಇದೆ, ಲಕೋಟೆಯನ್ನು ನಾನೇ ಅವರ ಜೇಬಿಗೆ ಇಡುತ್ತೇನೆ. ನೀವೇ ಕೈ ಹಾಕಿ ತೆಗೆದುಕೊಂಡಿರಬೇಕು. ಓದಿ ಮುಗಿಯುವವರೆಗೆ ಅವರು ಬಾಗಿಲಲ್ಲೇ ನಿಂತಿರುತ್ತಾರೆ. ಒಳಗೆ ಕರೆದು ಕೂಡ್ರಲು ಹೇಳಿ.