ಪರಸವ್ವನ ಹೆಸರಿನ ನಂಬರು

ಟಿಕೋಟಾ
೧೧ ಸೆಪ್ಟೆಂಬರ್ ೨೦೨೫

ಪ್ರೀತಿಯ ಸಂಘಮಿತ್ರಾ,

ಹೇಗಿದ್ದೀ? ಮಗಳು ಗೌತಮಿಯ ಕಾಲೇಜು ಹೇಗೆ ನಡೆದಿದೆ? ಎಂಟು ತಿಂಗಳು ಒಂದು ಮಾತೂ ಆಡದೆ ಇದ್ದು, ಈಗ ಇದ್ದಕ್ಕಿದ್ದಂತೆ ಪತ್ರ ಬರೆದಿದ್ದಾಳಲ್ಲ ಈ ರೇಣುಕಾ ಎಂದು ನಿನಗೆ ಆಶ್ಚರ್ಯವಾಗಬಹುದು. ಬೈದುಕೊಂಡಾದರೂ ಪೂರ್ತಿ ಓದು. ಅಂಚೆ ಕಚೇರಿಯಲ್ಲಿ ಲಕೋಟೆ ಕೇಳಿದಾಗ ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ನಿನಗೆ ಫೋನ್ ಮಾಡೋಣವೆಂದರೆ ನಿನ್ನ ನಂಬರು ನನ್ನ ಸ್ಮಾರ್ಟ್‌ಫೋನಿನೊಳಗಿದೆ, ಆ ಫೋನು ಸತ್ತಿದೆ. ಮುದ್ದೇಬಿಹಾಳದ ನಿನ್ನ ಮನೆಯ ವಿಳಾಸ ಮಾತ್ರ ಬಾಯಿಪಾಠ ಇದೆ. ಮೊದಲು ಇಪ್ಪತ್ತು ನಂಬರು ಬಾಯಲ್ಲಿರುತ್ತಿದ್ದವು. ಈಗ ಗಂಡ ಮಾಳುವಿನ ನಂಬರನ್ನೂ ಅವನನ್ನೇ ಕೇಳಬೇಕು.

ಈ ಸ್ಮಾರ್ಟ್‌ಫೋನಿನ ಕಥೆ ಕೇಳು. ನನ್ನ ಬಟನ್ ಫೋನು ನಿನಗೆ ನೆನಪಿರಬೇಕು. ಹೊಲಿಗೆ ಮಶೀನಿನ ಮೇಲಿಂದ ಸಾವಿರ ಸಲ ಬಿದ್ದಿತ್ತು. ಬಿದ್ದರೆ ಮೂರು ತುಂಡಾಗುತ್ತಿತ್ತು, ಜೋಡಿಸಿದರೆ ಮತ್ತೆ ಮಾತಾಡುತ್ತಿತ್ತು. ಒಂಬತ್ತು ವರ್ಷ ಬಾಳಿತು. ಮಾಳು ಬಿಡಬೇಕಲ್ಲ! "ಗಿರಾಕಿಗೋಳು ಡಿಸೈನು ವಾಟ್ಸಾಪಿನ್ಯಾಗ ಕಳಸ್ತಾರ, ನೀ ಇನ್ನೂ ಈ ಡಬ್ಬಿ ಹಿಡಕೊಂಡಿ?" ಎಂದು ಹೊಸದು ತಂದುಕೊಟ್ಟ. ಹಿಂದೆ ಮೂರು ಕ್ಯಾಮೆರಾ, ಮುಂದೆ ಒಂದು. ನಾನೇನು ಮದುವೆ ಫೋಟೋ ತೆಗೆಯುವವಳೇ? ಬೆರಳಿಟ್ಟರೆ ತೆರೆಯುತ್ತದೆ ಎಂದರು. ಸೂಜಿ ಚುಚ್ಚಿ ಚುಚ್ಚಿ ನನ್ನ ಬೆರಳಿನ ಗೆರೆಗಳು ಅಳಿಸಿಹೋಗಿವೆ, ಅದು ನನ್ನನ್ನು ಗುರುತಿಸಲೇ ಇಲ್ಲ. ಹೊಲಿಯಲು ಕೂತಾಗಲೆಲ್ಲ ಜಾಹೀರಾತು, ಸಾಲ ಬೇಕೇ, ಲಾಟರಿ ಹೊಡೆದಿದೆ, ಒಂದು ಬಟನ್ ಒತ್ತಿ. ರಿಚಾರ್ಜು ಇಪ್ಪತ್ತೆಂಟು ದಿನಕ್ಕೇ ಮುಗಿಯುತ್ತದೆ. ತಿಂಗಳಿಗೆ ಮೂವತ್ತು ದಿನ ಎಂದು ಸಾರವಾಡದ ಶಾಲೆಯಲ್ಲಿ ನಮಗೆ ಕಲಿಸಿದ್ದು ಈ ಕಂಪನಿಯವರಿಗೆ ಯಾರೂ ಕಲಿಸಿಲ್ಲ.

ಇನ್ನು ನೆಟ್‌ವರ್ಕು! ನನ್ನ ಅಂಗಡಿಯಲ್ಲಿ ಹೇಗೋ ಸಿಗುತ್ತದೆ, ಬಿಜ್ಜರಗಿಯ ಅಕ್ಕನ ಮನೆಗೆ ಹೋದರೆ ದ್ರಾಕ್ಷಿ ತೋಟದ ನೀರಿನ ಟಾಕಿ ಹತ್ತಿ ನಿಲ್ಲಬೇಕು. ಅದರಿಂದ ನಮಗೆ ಹೊಲಿಗೆಯವರಿಗೆ ಒಂದೇ ಒಂದು ಉಪಕಾರ. ಬಟ್ಟೆ ತಡವಾದಾಗ "ನೆಟ್‌ವರ್ಕ್ ಇರಲಿಲ್ರಿ" ಎಂದರೆ ಯಾರೂ ಮರುಮಾತಾಡುವುದಿಲ್ಲ. ಕಂಪನಿಯ ಮೇಲೆ ಏನು ಹೇಳಿದರೂ ಜನ ನಂಬುತ್ತಾರೆ.

ನಿಮ್ಮವ್ವ ಪರಸವ್ವ ಕಾಕು ತೀರಿಕೊಂಡ ದಿನವೂ ಹಾಗೇ ಅಲ್ಲವೇ ಆಗಿದ್ದು? ನೀನು ಆಸ್ಪತ್ರೆಯಿಂದ ಫೋನ್ ಮಾಡಿ ಮಾಡಿ ದಣಿದೆ, ನನಗೆ ತಲುಪಲಿಲ್ಲ. ಮರುದಿನ ಸಾರವಾಡಕ್ಕೆ ಬಂದಾಗ ನಿಮ್ಮ ಸೋದರಮಾವ ರಾಯಪ್ಪ "ಅಷ್ಟ್ ಸರ್ತಿ ಕರದ್ರೂ ಬರಲಿಲ್ಲಲ್ಲ ಈಕಿ" ಎಂದರು. ನೀನು ಅಳುತ್ತಲೇ "ಅಕಿದೇನ ತಪ್ಪ ಐತ್ರಿ ಮಾಮಾ? ಟಿಕೋಟಾದಾಗ ನೆಟ್‌ವರ್ಕ್ ಇರಲಿಲ್ಲಂತ" ಎಂದು ನನ್ನ ಪರ ನಿಂತೆ. ಅದನ್ನು ನಾನು ಮರೆತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಆ ಹೊಸ ಫೋನು ಬಿತ್ತು. ಒಂದೇ ಸಲ. ಮೇಜಿನ ಎತ್ತರದಿಂದ. ಪರದೆ ಕಪ್ಪಾಯಿತು. ಕೊಂಡು ಒಂದು ವರ್ಷ ಎರಡು ತಿಂಗಳಾಗಿತ್ತು, ಗ್ಯಾರಂಟಿ ಒಂದೇ ವರ್ಷ. ರಿಪೇರಿಯವನು "ಇದಕ್ಕ ಹಾಕೂದಕ್ಕಿಂತ ಹೊಸಾದ ತಗೋರಿ ಅಕ್ಕಾರ" ಎಂದ, ಸಿಮ್ ತೆಗೆಯಲು ಹೋಗಿ ಅದನ್ನೂ ಮುರಿದಿಟ್ಟ. ವಿಜಯಪುರಕ್ಕೆ ಹೋಗಿ ಕಂಪನಿಯ ಅಂಗಡಿಯಲ್ಲಿ ಒಂದೂವರೆ ತಾಸು ಕೂತೆ. ಕೌಂಟರಿನ ಸೊಹೇಲ ಕಂಪ್ಯೂಟರು ನೋಡಿ, "ಸಿಮ್ ಪರಸವ್ವ ಅನ್ನೋರ ಹೆಸರಿನ್ಯಾಗ ಐತ್ರಿ. ಅವರ ಬಂದು ಹೆಬ್ಬಟ್ಟ ಇಡಬೇಕು" ಎಂದ.

"ಅವರು ಇಲ್ಲಪಾ" ಎಂದೆ.

"ಊರಾಗಿಲ್ಲೇನ್ರಿ? ಒಂದ್ ಫೋನ್ ಹಚ್ಚಿ ಕೊಡ್ರಿ, ನಾ ಮಾತಾಡ್ತೀನಿ" ಎಂದವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಒಳ್ಳೆಯವನು, ಪಾಪ. ನೀರು ತಂದುಕೊಟ್ಟ.

ಮನೆಗೆ ಬಂದು ಮಾಳುವಿನ ಫೋನಿನಿಂದ ಗ್ರಾಹಕ ಸೇವೆಗೆ ಹಚ್ಚಿದೆ. ಕನ್ನಡಕ್ಕೆ ಎರಡು ಒತ್ತಿ, ದೂರಿಗೆ ನಾಲ್ಕು ಒತ್ತಿ, ನಿಮ್ಮ ಕರೆ ನಮಗೆ ಬಹಳ ಮುಖ್ಯ. ಮುಖ್ಯವಾದದ್ದಕ್ಕೇ ಇಪ್ಪತ್ತು ನಿಮಿಷ ಹಾಡು ಕೇಳಿಸಿದರು. ಕೊನೆಗೆ ಒಬ್ಬ ಹುಡುಗಿ ಬಂದಳು. ನಂಬರು ಹೇಳಿದೆ. "ಪರಸವ್ವ ಮೇಡಂ ಮಾತಾಡುತ್ತಿದ್ದೀರಾ?" ಎಂದಳು. ಮಿತ್ರಾ, ನಾನು ಹೌದು ಎಂದುಬಿಟ್ಟೆ. ಹುಟ್ಟಿದ ದಿನಾಂಕ ಕೇಳಿದಳು. ನಮ್ಮ ಕಡೆ ಎಲ್ಲರೂ ಜೂನ್ ಒಂದಕ್ಕೇ ಹುಟ್ಟಿದವರಲ್ಲವೇ, ಅದನ್ನೇ ಹೇಳಿದೆ. "ಕ್ಷಮಿಸಿ, ಮಾಹಿತಿ ಹೊಂದುತ್ತಿಲ್ಲ" ಎಂದು ಇಟ್ಟಳು. ಕಾಕುಗೆ ತಾನು ಹುಟ್ಟಿದ ದಿನ ತನಗೇ ಗೊತ್ತಿರಲಿಲ್ಲ. ಕಂಪನಿಗೆ ಗೊತ್ತಿದೆ.

ಈ ಸಿಮ್ ಹೇಗೆ ಬಂತೆಂದು ನಿನಗೆ ಗೊತ್ತೇ ಇದೆ. "ಸೊಸಿಗ್ಯಾಕ ಫೋನು?" ಎಂದು ನಮ್ಮತ್ತೆ ನನ್ನ ಕಾಗದಪತ್ರ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದಾಗ, ಕಾಕು ದಿನದ ಕೂಲಿ ಬಿಟ್ಟು ನನ್ನ ಜೊತೆ ವಿಜಯಪುರದ ಬಸ್ಸು ಹತ್ತಿದರು. ಸೆರಗಿನ ಗಂಟಿನಿಂದ ತಮ್ಮ ಓಟಿನ ಚೀಟಿ ಬಿಚ್ಚಿ ಅಂಗಡಿಯವನ ಮುಂದಿಟ್ಟರು. "ತಗೋ ಬೇ ರೇಣಿ. ನನಗ್ಯಾರ ಫೋನ್ ಮಾಡ್ತಾರ? ನನ್ನ ಹೆಸರಿನ್ಯಾಗ ನೀನರ ಮಾತಾಡು" ಎಂದರು. ಆ ನಂಬರಿನ ಮೇಲೆಯೇ ನನ್ನ ಅಂಗಡಿ ನಿಂತಿತು. ಬೋರ್ಡಿನ ಮೇಲೆ ಅದೇ, ಕೈಚೀಲಗಳ ಮೇಲೆ ಅದೇ. ಬಬಲೇಶ್ವರದಿಂದಲೂ ಗಿರಾಕಿಗಳು ಅದಕ್ಕೇ ಕರೆಯುತ್ತಾರೆ. ಈಗ ಯಾರು ಕರೆದರೂ ಚಾಲ್ತಿಯಲ್ಲಿಲ್ಲ ಎನ್ನುತ್ತದಂತೆ. ಎದುರಿನ ಟೇಲರ್ ಅಂಗಡಿಯವಳು "ರೇಣುಕಾ ಅಂಗಡಿ ಮುಚ್ಯಾಳ" ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ.

ಸೊಹೇಲ ಹೇಳಿದ್ದು ಇಷ್ಟು: ಕಾಕು ಅವರ ಮರಣ ಪ್ರಮಾಣಪತ್ರ ಬೇಕು, ಮಗಳಾದ ನೀನು ಬಂದು ನಂಬರು ನನ್ನ ಹೆಸರಿಗಾಗಲು ಅಭ್ಯಂತರವಿಲ್ಲ ಎಂದು ಸಹಿ ಹಾಕಬೇಕು. ಈ ತಿಂಗಳ ಕೊನೆಯೊಳಗೆ ಆಗದಿದ್ದರೆ ನಂಬರು ಬೇರೆ ಯಾರಿಗೋ ಹೋಗುತ್ತದೆ. ಒಂದು ದಿನ ರಜೆ ಹಾಕಿ ವಿಜಯಪುರಕ್ಕೆ ಬರುತ್ತೀಯಾ? ಬಸ್‌ಸ್ಟ್ಯಾಂಡಿನಲ್ಲಿ ನಾನು ಕಾಯುತ್ತೇನೆ. ಮಾಳುವಿನ ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ, ಅವನನ್ನೇ ಕೇಳಿ ಬರೆದದ್ದು.

ಗೌತಮಿ ಚೆನ್ನಾಗಿ ಓದಲಿ, ಅಜ್ಜಿಯಂತೆ ಗಟ್ಟಿಯಾಗಿ ಬಾಳಲಿ. ನಿನ್ನ ಆರೋಗ್ಯ ನೋಡಿಕೋ, ಊಟ ಬಿಡಬೇಡ.

ನಿನ್ನ
ರೇಣಿ

ತಾ.ಕ. ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದ್ದೇನೆ.

ಮಿತ್ರಾ, ಆ ದಿನ ನೆಟ್‌ವರ್ಕು ಇತ್ತು. ನೀನು ಮೂರು ಸಲ ಕರೆದೆ, ಮೂರು ಸಲವೂ ನಿನ್ನ ಹೆಸರು ನೋಡಿದೆ. ಗೌತಮಿಯ ರವಿಕೆ ಕೊಡುತ್ತೇನೆಂದು ಎರಡು ಸಲ ಮಾತು ತಪ್ಪಿದ್ದೆ, ಅದನ್ನೇ ಕೇಳುತ್ತೀಯೆಂದುಕೊಂಡೆ. ಅಂಗಡಿಯಲ್ಲಿ ಸುರೈಯಾ ಅಳತೆ ಕೊಡುತ್ತಾ ನಿಂತಿದ್ದಳು. "ಒಂದ್ ರವಕಿ ಸಲುವಾಗಿ ಜೀವಾ ತಿಂತಾಳ ಇಕಿ" ಎಂದು ಅವಳ ಮುಂದೆ ನಕ್ಕು, ಮೂರನೆಯ ಸಲ ಕಟ್ ಮಾಡಿ ಫೋನು ಬೋರಲು ಹಾಕಿದೆ. ಆಮೇಲೆ ಸ್ವಿಚ್ ಆಫ್ ಮಾಡಿದೆ. ಮರುದಿನ ನೀನೇ ಹೇಳಿದೆ, ಕಾಕು ಕೊನೆಯವರೆಗೂ "ರೇಣಿ ಬಂದ್ಲೇನ?" ಎಂದು ಕೇಳುತ್ತಿದ್ದರಂತೆ. ಗಿರಾಕಿಗೆ ಹೇಳುವ ಸುಳ್ಳನ್ನು ನಿನಗೂ ಹೇಳಿದೆ, ನೀನು ನಂಬಿದೆ. ಅದಕ್ಕೇ ಎಂಟು ತಿಂಗಳು ನಿನಗೆ ಕರೆ ಮಾಡಲಿಲ್ಲ.

ನೀನು ಸಹಿ ಹಾಕಿದ ಮೇಲೆ ಇದನ್ನು ಬರೆಯಬಹುದಿತ್ತು. ಮಾಳು ಹಾಗೇ ಮಾಡು ಎಂದ. ಆದರೆ ಆ ನಂಬರಿನಲ್ಲಿ ಮಾತಾಡು ಎಂದು ಹೆಸರು ಕೊಟ್ಟವರು ಕರೆದಾಗಲೇ ನಾನು ಮಾತಾಡಲಿಲ್ಲ.

ಸಹಿ ಹಾಕಲು ಮನಸ್ಸಾಗದಿದ್ದರೆ ಹಾಕಬೇಡ. ನಂಬರು ಹೋಗಲಿ, ಬೋರ್ಡಿಗೆ ಬೇರೆ ಬಣ್ಣ ಬಳಿಸುತ್ತೇನೆ. ಬೈಯಲಿಕ್ಕಾದರೂ ಒಂದು ಸಲ ಮಾಳುವಿನ ಫೋನಿಗೆ ಕರೆ ಮಾಡು. ಈ ಸಲ ನಾನು ಎತ್ತುತ್ತೇನೆ.