ಕಾಂಟ್ರಾಕ್ಟ್ ಇಲ್ಲದ ಫೋನು

ಪ್ರೀತಿಯ ಉಮ್ಮ,

ನಾವು ಬರುತ್ತಿದ್ದೇವೆ, ರಜೆಗಲ್ಲ, ಪೂರ್ತಿಯಾಗಿ ಊರಿಗೇ ಬರುತ್ತಿದ್ದೇವೆ! ಫೋನಿನಲ್ಲಿ ಹೇಳಿದರೆ ನೀವು ಅಳುತ್ತೀರಿ, ನಾನೂ ಅಳುತ್ತೇನೆ. ಅದಕ್ಕೇ ಊರಿಗೆ ಹೊರಟ ಝೀನತ್ ಅಕ್ಕನ ಕೈಯಲ್ಲಿ ಈ ಪತ್ರ.

ಮದುವೆಯಾಗಿ ರಿಯಾದಿಗೆ ಬಂದ ವಾರವೇ ನಾನು ಸಫ್ವಾನ್ ಜೊತೆ ಜಗಳವಾಡಿದ್ದೆ, ನಿಮಗೆ ಹೇಳಿರಲಿಲ್ಲ. ಸಿಮ್ ಕಂಪೆನಿಯ ಶೋರೂಮಿನಲ್ಲಿ ಎಷ್ಟು ಚೆಂದದ ಫೋನು, ಉಮ್ಮ! ಈಗ ಏನೂ ಕೊಡಬೇಕಿಲ್ಲ, ಬಿಲ್ಲಿನ ಜೊತೆ ಎರಡು ವರ್ಷ ಕಟ್ಟಿದರಾಯಿತು. ಇವರು ಮಾತ್ರ ನನ್ನನ್ನು ಬತ್ಹಾ ಮಾರ್ಕೆಟ್ಟಿನ ಗಲ್ಲಿಗೆ ಕರೆದೊಯ್ದು, ಪೂರ್ತಿ ಹಣ ಕೊಟ್ಟು ಒಂದು ಸಾದಾ ಫೋನು ಕೊಡಿಸಿದರು.

"ಜಿಪುಣ" ಎಂದೆ.

"ಆಯ್ತು ಮಾರಾಯ್ತಿ, ಜಿಪುಣನೇ. ಕಾಂಟ್ರಾಕ್ಟ್ ಬರುವುದು ನನ್ನ ಇಕಾಮಾದ ಮೇಲೆ, ಇಲ್ಲಿ ಇರ್ಲಿಕ್ಕೆ ಕೊಟ್ಟ ಪರ್ಮಿಟ್ಟಿನ ಮೇಲೆ. ಎರಡು ವರ್ಷಕ್ಕೆ ಸೈನ್ ಹಾಕಿದ್ರೆ ಎರಡು ವರ್ಷ ಇಲ್ಲೇ. ಅಷ್ಟರಲ್ಲಿ ಹೊಸ ಮಾಡೆಲ್ ಬರ್ತದೆ, ಮತ್ತೆ ಸೈನ್. ನಿನ್ನ ಉಮ್ಮನಿಗೆ ನಾನು ಎಂತ ಹೇಳುವುದು?"

ಏರ್‌ಪೋರ್ಟಿನಲ್ಲಿ ನೀವು ಇವರ ಕೈ ಹಿಡಿದು, "ಇವಳ ಉಪ್ಪನೂ ಎರಡೇ ವರ್ಷ ಅಂತ ಹೋದದ್ದು" ಎಂದಿರಂತೆ. ನನಗೆ ಗೊತ್ತೇ ಇರಲಿಲ್ಲ. ಉಪ್ಪ ಮರಳಿದಾಗ ನಾನು ಕಾಲೇಜು ಸೇರಿದ್ದೆ.

ಈಗ ಕಾಪುವಿನ ಬೇಕರಿಯಲ್ಲಿ ಇವರ ಪಾಲು ಗಟ್ಟಿಯಾಗಿದೆ, ಇಲ್ಲಿ ನಮ್ಮನ್ನು ಹಿಡಿದಿಡುವ ಕಂತು ಒಂದೂ ಇಲ್ಲ. ನನ್ನ ಹಳೆಯ ಸಿಮ್ಮಿಗೆ ರೀಚಾರ್ಜ್ ಮಾಡಿಸಿಡಿ, ಪ್ಲೀಸ್. ಜಿಪುಣನ ಫೋನಿಗೆ ಅದನ್ನೇ ಹಾಕುತ್ತೇನೆ. ಸ್ಟೇಷನ್ನಿಗೆ ಉಪ್ಪನನ್ನೂ ಕರೆತನ್ನಿ, ಈ ಸಲ ಅವರು ನಮಗಾಗಿ ಕಾಯಲಿ.

ಸಲಾಮ್‌ಗಳೊಂದಿಗೆ, ನಿಮ್ಮ ಮುಹ್ಸಿನಾ

ಮುಂಬೈಯಿಂದ ಮತ್ಸ್ಯಗಂಧ ರೈಲು, ಗುರುವಾರ ಬೆಳಿಗ್ಗೆ, ಉಡುಪಿ.